ಗಾಳಿ ಯಾರ ಕಡೆಗೆ

ಕುರಿಯ ಕರುಳಿನ ಒಂದು ತುದಿಯನ್ನು ಎಡಗೈಯ ಬೆರಳ ಸಂದಿಯಲ್ಲಿ ಬಿಗಿಹಿಡಿದು, ಇನ್ನೊಂದು ತುದಿಗೆ ಕೊಳವೆ ಸಿಕ್ಕಿಸಿ ಅವಳು ಊದಿದಳು. ತೊಟ್ಟಿಯ ತಳದಲ್ಲಿ ಮುದುಡಿ ಬಿದ್ದಿದ್ದ ಕರುಳು ಮೈ ತುಂಬಿಕೊಂಡು ಎದ್ದಿತು. ನೀರಲ್ಲಿ ಅದ್ದಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದಳು. ಬರಲಿಲ್ಲ. ತೂತಿಲ್ಲದ ಮಾಲು. ಬೆರಳು ಸಡಿಲಿಸಿದಳು. ಒಳಗಿದ್ದ ಗಾಳಿ ಹೊರಗೆ ಬಂತು.

ಆ ಸದ್ದು ಬರುವಾಗ ಅವಳು ತಲೆ ಎತ್ತುವುದಿಲ್ಲ. ಗೊರ್ರೆಂದು ಶುರುವಾಗುತ್ತದೆ. ನಡುವೆ ಸಣ್ಣಗೆ ಸಿಳ್ಳೆ ಹೊಡೆದಂತೆ ಎಳೆಯುತ್ತದೆ. ಕೊನೆಗೆ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ಅತ್ತೆ ಉಸಿರು ಬಿಡುತ್ತಿದ್ದದ್ದು ಹೀಗೆಯೇ. ಅತ್ತೆ ಹೋದ ಮೇಲೆ ಕೈಗೆ ಬಂದ ಪ್ರತಿ ಕರುಳಿನಲ್ಲೂ ಅದೇ ಉಸಿರು. ಬೆಳಕು ಹರಿಯುವ ಮುಂಚಿನಿಂದ ಮಧ್ಯಾಹ್ನದವರೆಗೆ ಅತ್ತೆ ಸೊಸೆಯ ಬೆರಳ ಸಂದಿಯಲ್ಲಿ ಸಾಯುತ್ತಲೇ ಇರುತ್ತಾಳೆ.

ಇದೇ ಕಲ್ಲಿನ ಮೇಲೆ ಅತ್ತೆಯೂ ಕೂತವಳು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಕೆಲಸ ಕಲಿಸಿದವಳೂ ಅವಳೇ. ಮೊದಲು ಒಳಗಿನ ಹೊಲಸು ಹಿಂಡಿ ತೆಗೆ. ಆಮೇಲೆ ಕರುಳನ್ನು ಒಳಹೊರಗು ಮಾಡು. ಮೊಂಡು ಚಾಕುವಿನಲ್ಲಿ ಲೋಳೆ ಕೆರೆ. ಹರಿತದ ಚಾಕು ಮುಟ್ಟಬೇಡ, ಹರಿದರೆ ಮೇಸ್ತ್ರಿ ಕೂಲಿಯಲ್ಲಿ ಹಿಡಿಯುತ್ತಾನೆ. ಊದಿ ನೋಡು. ಉಪ್ಪು ಹಾಕಿ ಕಟ್ಟು. "ಎದೆಯಿಂದ ಊದಬೇಡ ಕಣೇ, ಕೆನ್ನೆಯಿಂದ ಊದು. ಎದೆ ನಮಗೇ ಬೇಕು," ಎಂದಿದ್ದಳು. ತಾನು ಮಾತ್ರ ಆಯುಷ್ಯವೆಲ್ಲ ಎದೆಯಿಂದಲೇ ಊದಿದಳು. ನೆಲಕ್ಕೆ ಎರಚುವ ಬ್ಲೀಚಿಂಗ್ ಪುಡಿಯನ್ನೂ ಅದೇ ಎದೆಗೆ ಎಳೆದುಕೊಂಡಳು.

ಕಸಾಯಿಖಾನೆಯ ಹಿಂದಿನ ಶೆಡ್ಡಿಗೆ ಮೂರೇ ಕಡೆ ಗೋಡೆ. ತಲೆಯ ಮೇಲೆ ತಗಡು. ಸಾಲು ತೊಟ್ಟಿ, ಸಾಲು ಹೆಂಗಸರು, ಎಲ್ಲರ ಸೊಂಟಕ್ಕೂ ಒದ್ದೆ ಗೋಣಿ. ಉಪ್ಪು ಬೆರಳಿನ ಬಿರುಕಿಗೆ ಇಳಿದಾಗ ಕಣ್ಣಲ್ಲಿ ನೀರು ಬರುತ್ತದೆ. ಒರೆಸಿಕೊಳ್ಳಲು ಕೈ ಆಗದು. ಹೆಗಲಿಗೆ ಕಣ್ಣು ಉಜ್ಜಿಕೊಂಡು ಮತ್ತೆ ಕೊಳವೆಗೆ ಬಾಯಿಡಬೇಕು.

ಮೇಸ್ತ್ರಿ ಒಳಗೆ ಬಂದು ಕೆಮ್ಮಿದ. ಅವನು ಶೆಡ್ಡಿಗೂ ಮೇಸ್ತ್ರಿ, ಬೀದಿಗೂ ಹಿರಿಯ.

"ನಾಳೆ ಕೆಲಸ ಮುಗಿದ ಮೇಲೆ ಯಾರೂ ಎಲ್ಲೂ ಹೋಗಬೇಡಿ. ಸರ್ವೆಗೆ ಬರ್ತಾರಂತೆ. ಮತ್ತೆ."

"ಯಾವ ಸರ್ವೆ ಮಾವ? ಚರಂಡಿದಾ?" ಎಂದಳು ಪಕ್ಕದ ತೊಟ್ಟಿಯವಳು. ಎದುರುಮನೆಯವಳು, ಇವಳ ಗೆಳತಿ. ಬಾಯಿ ಮುಚ್ಚಿದ್ದನ್ನು ಯಾರೂ ನೋಡದ ಕಾರಣ ಅವಳಿಗೆ ರೇಡಿಯೊ ಎಂದೇ ಹೆಸರು.

"ಮನೆದು. ಯಾರು ಏನು ದುಡೀತಾರೆ, ಮನೇಲಿ ಏನೇನಿದೆ, ಸರ್ಕಾರದಿಂದ ಏನು ಸಿಗ್ತಿದೆ. ಅದೇ."

"ಕೆಮ್ಮು ಸಿಗ್ತಿದೆ ಅಂತ ಬರ್ಕೊಳ್ಳಲಿ."

ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಸಾಲಿನ ಉದ್ದಕ್ಕೂ ತಲೆಗಳು ಒಂದೊಂದಾಗಿ ಇವಳ ಕಡೆ ತಿರುಗಿದವು. ಅವಳು ಇನ್ನೊಂದು ಕರುಳು ಎತ್ತಿಕೊಂಡು ಊದಿದಳು.

ಬೀದಿಯಲ್ಲಿ ಅವಳಿಗೆ ಫ್ಯಾನಕ್ಕ ಎಂದು ಹೆಸರು. ಈಗ ಯಾರೂ ಹಾಗೆ ಕರೆಯುವುದಿಲ್ಲ, ಬಾಯಿತಪ್ಪಿ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹೆಸರು ಬಂದದ್ದು ತಮಾಷೆಗೆ. ಅತ್ತೆಗೆ ಉಸಿರು ಕಟ್ಟಲು ಶುರುವಾದ ವರ್ಷ ಗಂಡ ಗುಜರಿಯಿಂದ ಒಂದು ಮೇಜು ಫ್ಯಾನು ತಂದಿದ್ದ. ಮುಂದಿನ ಜಾಲರಿ ಅರ್ಧ ಹೋಗಿತ್ತು. ಅದಕ್ಕೆ ಇವಳು ಹಳೇ ಸೀರೆಯ ಹಸಿರು ಅಂಚು ಹರಿದು ಕಟ್ಟಿದ್ದಳು. ಸ್ವಿಚ್ಚು ಹಾಕಿದರೆ ತಿರುಗುವ ಜಾತಿಯದಲ್ಲ. ಹಿಂದಿನ ವೈರನ್ನು ಒಂದು ಕಡೆ ತಿರುಚಿ, ತಲೆಗೆ ಮೆಲ್ಲಗೆ ಒಂದು ಏಟು ಕೊಡಬೇಕು. ಆ ಏಟಿನ ಹದ ಇವಳಿಗೆ ಮಾತ್ರ ಗೊತ್ತಿತ್ತು. ಇಡೀ ಬೀದಿಯಲ್ಲಿ ಇದ್ದದ್ದು ಅದೊಂದೇ ಫ್ಯಾನು. "ನೋಡಪ್ಪ, ಫ್ಯಾನಕ್ಕ ಬಂದಳು, ಸೆರಗು ಹಿಡ್ಕೊಳ್ಳಿ ಹಾರಿಹೋಗುತ್ತೆ," ಎಂದು ರೇಡಿಯೊ ಶುರು ಮಾಡಿದ್ದಳು. ಅತ್ತೆಯೂ ಆ ಹೆಸರಿಂದಲೇ ಕರೆದು ಕೆಮ್ಮುತ್ತ ನಗುತ್ತಿದ್ದಳು.

ಬೀದಿಯವರು ಒಂದು ಮಾತನ್ನು ಬಾಯಲ್ಲಿ ಆಡುವುದಿಲ್ಲ. ವಾಸನೆ ಎನ್ನುವ ಮಾತು. ಹುಟ್ಟಿದ ಮಗುವಿಗೂ ಅದು ಬೇಗ ತಿಳಿಯುತ್ತದೆ. ಪೇಟೆಗೆ ಹೊರಡುವ ಮುಂಚೆ ಹೆಂಗಸರು ಒಬ್ಬರ ಕುತ್ತಿಗೆಯ ಬಳಿ ಇನ್ನೊಬ್ಬರು ಬಗ್ಗಿ, "ಅದು ಇದೆಯಾ?" ಎಂದು ಕೇಳುತ್ತಾರೆ. "ಇಲ್ಲ ಹೋಗು," ಎಂದು ಸುಳ್ಳು ಹೇಳುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿದಾಗ ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಸೋಪು ಹಾಕಿ, ಬೂದಿ ಹಾಕಿ, ಕಲ್ಲಿನಿಂದ ತಿಕ್ಕಿ, ಚರ್ಮ ಕಿತ್ತು ಬಂದರೂ ಅದು ಹೋಗುವುದಿಲ್ಲ. ಉಗುರಿನ ಬುಡದಲ್ಲಿ, ಕೂದಲ ಬುಡದಲ್ಲಿ ಮನೆ ಮಾಡಿಕೊಂಡು ಕೂತಿರುತ್ತದೆ.

ಹೋದ ಸಲದ ಸರ್ವೆಯವನು ಬೀದಿಯ ಬಾಯಲ್ಲೇ ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡ. ಮೊದಲ ಮನೆಯ ಹೊಸ್ತಿಲಲ್ಲಿ ನಿಂತು ಓಕರಿಕೆ ಬಂದವನಂತೆ ಭುಜ ಕುಣಿಸಿದ. ಬೈದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವನು ಬೈಯಲಿಲ್ಲ. "ಸಾರಿ, ಸಾರಿ," ಎಂದ. ಅದೇ ಬೀದಿಗೆ ತಡೆಯಲಾಗಲಿಲ್ಲ. ಅತಿಥಿ ಬಂದು ನಮ್ಮ ಮನೆಯ ಗಾಳಿ ಕುಡಿಯಲಾರದೆ ನಮ್ಮನ್ನೇ ಕ್ಷಮೆ ಕೇಳುವುದು.

"ಫ್ಯಾನು ತಗೊಂಡು ಬಾ," ಎಂದು ಯಾರು ಹೇಳಿದರೋ. ಅವಳು ಆಗಲೇ ಓಡಿದ್ದಳು. ಫ್ಯಾನಿಟ್ಟು, ವೈರು ತಿರುಚಿ, ತಲೆಗೆ ಏಟು ಕೊಟ್ಟು, ಗಾಳಿಯನ್ನು ಅವನ ಮುಖಕ್ಕೆ ತಿರುಗಿಸಿದಳು. ಮೇಸ್ತ್ರಿ ತನ್ನ ಮನೆಯ ಪ್ಲಾಸ್ಟಿಕ್ ಕುರ್ಚಿ ಕಳಿಸಿದ. ಸರ್ವೆಯವನು ಕರ್ಚೀಫು ಇಳಿಸಿ, ಕೂತು, ಒತ್ತತೊಡಗಿದ. ಅವನ ಕೈಯಲ್ಲಿ ಕಾಗದವಿರಲಿಲ್ಲ, ಗಾಜಿನ ಹಲಗೆಯಂಥ ಫೋನಿತ್ತು. ಆ ಮನೆಯವರು ಮುಂಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವಷ್ಟರಲ್ಲಿ ಫ್ಯಾನೂ ಕುರ್ಚಿಯೂ ಹಿಂಬಾಗಿಲಿನಿಂದ ಹೊರಬಿದ್ದು, ಮೋರಿ ದಾಟಿ, ಮುಂದಿನ ಮನೆಯ ಹಿಂಬಾಗಿಲಿನಿಂದ ಒಳಗೆ ಹೋಗಿ ಅವನಿಗಾಗಿ ಕಾಯುತ್ತಿದ್ದವು. ಮನೆಯಿಂದ ಮನೆಗೆ ಹೀಗೇ. ಹೊರುವವಳು ಅವಳೇ, ಏಟಿನ ಹದ ಬೇರೆಯವರಿಗೆ ಗೊತ್ತಿಲ್ಲವಲ್ಲ. ಮೋರಿಯ ಅಂಚಿನಲ್ಲಿ ಕಾಲು ಜಾರಿ ಮೊಣಕಾಲು ತರಚಿತು. ಆ ದಿನ ಅವಳಿಗೆ ಹೆಮ್ಮೆಯೇ ಇತ್ತು. ಬೀದಿಯ ಮಾನವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ ಹಾಗೆ.

ಪ್ರತಿ ಮನೆಯಲ್ಲೂ ಅದೇ ಹಸಿರು ಅಂಚು ಕಟ್ಟಿದ ಫ್ಯಾನು. ಅವನು ಪ್ರತಿ ಮನೆಯಲ್ಲೂ ಅದರ ಫೋಟೋ ತೆಗೆದ. ಅವನಿಗೆ ತಿಳಿಯಲಿಲ್ಲ. ನೋಡಿದ್ದರೆ ತಾನೆ ತಿಳಿಯುವುದು.

ಕೊನೆಗೆ ಇವಳದೇ ಮನೆ. ಫ್ಯಾನು ಮನೆ ಬಿಟ್ಟು ಹೋದಾಗಿನಿಂದ ಅತ್ತೆ ಗೋಡೆಗೆ ಬೆನ್ನಿಟ್ಟು, ಮೀನಿನ ಹಾಗೆ ಬಾಯಿ ತೆರೆಯುತ್ತ ಮುಚ್ಚುತ್ತ ಕೂತಿದ್ದಳು. ಫ್ಯಾನು ವಾಪಸು ಬಂದ ಕೂಡಲೇ ಇವಳು ಗಾಳಿಯನ್ನು ಅತ್ತೆಯ ಮುಖಕ್ಕೇ ಹಿಡಿದಳು. ಅಷ್ಟರಲ್ಲಿ ಅವನು ಒಳಗೆ ಬಂದ. ಕರ್ಚೀಫಿಗೆ ಕೈ ಹೋಯಿತು. ಅತ್ತೆ ಅದನ್ನು ನೋಡಿದಳು.

"ನನ್ನ ಕಡೆ ಬೇಡ. ಆ ಅಪ್ಪನ ಕಡೆ ತಿರುಗಿಸು. ಪಾಪ, ಅವನಿಗೆ ಅಭ್ಯಾಸ ಇಲ್ಲ."

ಅವಳು ತಿರುಗಿಸಿದಳು. ಫ್ಯಾನಿನ ಕುತ್ತಿಗೆ ಟಕ್ ಎಂದಿತು.

"ಒಳ್ಳೆ ಗಾಳಿ," ಎಂದ ಅವನು. ಒತ್ತಿದ. ಹೋದ.

ಆಮೇಲೆ ಬೀದಿಗೆ ಬೀದಿಯೇ ಅನುಕೂಲಸ್ಥರ ಪಟ್ಟಿಗೆ ಹೋಯಿತು. ಎಲ್ಲರ ರೇಷನ್ ಕಾರ್ಡೂ ರದ್ದು. ಅಕ್ಕಿ ನಿಂತದ್ದನ್ನು ಹೇಗೋ ತಡೆದುಕೊಂಡರು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕಾರ್ಡು ಒಳಗೆ ಕೊಟ್ಟರೆ ಹಾಗೇ ಹೊರಗೆ ಬಂತು. "ನಿಮ್ಮ ಮನೆ ಮೇಲಕ್ಕೆ ಹೋಗಿದೆ ಅಮ್ಮ, ಇನ್ನು ದುಡ್ಡು ಕೊಟ್ಟೇ ತಗೋಬೇಕು," ಎಂದ ಒಳಗಿದ್ದವನು.

ಸೊಸೆಯ ಹೆಗಲಿಗೆ ಒರಗಿ ನಿಂತಿದ್ದ ಅತ್ತೆ, "ಮೇಲಕ್ಕೆ ಹೋಗಬೇಕಾದೋಳು ನಾನು. ನನ್ನ ಬಿಟ್ಟು ಮನೆ ಯಾಕಪ್ಪ ಹೋಯ್ತು?" ಎಂದಳು. ಸಾಲಿನಲ್ಲಿದ್ದವರು ನಕ್ಕರು. ಕಿಟಕಿಯವನೂ ನಕ್ಕ. ಔಷಧಿ ಕೊಡಲಿಲ್ಲ.

ಎದೆಗೆ ಎಳೆದುಕೊಳ್ಳುವ ಆ ಔಷಧಿ ಮುಗಿದ ಮೇಲೂ ಅತ್ತೆ ಖಾಲಿ ಡಬ್ಬಿಯನ್ನೇ ಬಾಯಿಗಿಟ್ಟು ಒತ್ತಿಕೊಳ್ಳುತ್ತಿದ್ದಳು. ಮಳೆ ಶುರುವಾದ ವಾರ ಒಂದು ಬೆಳಿಗ್ಗೆ ಫ್ಯಾನಿನ ಎದುರಿಗೇ ಸತ್ತಳು. ಗಾಳಿ ಅವಳ ನೆರೆತ ಕೂದಲನ್ನು ಹಣೆಯಿಂದ ಎತ್ತುತ್ತಿತ್ತು, ಇಳಿಸುತ್ತಿತ್ತು. ಬದುಕಿದ್ದಾಳೆಂದೇ ಸೊಸೆ ಸುಮಾರು ಹೊತ್ತು ತಿಳಿದಿದ್ದಳು.

ಮೇಸ್ತ್ರಿ ಆಫೀಸಿಗೆ ಹೋಗಿ ಹೇಳಿದ್ದ. ಅಲ್ಲಿಯವರು ಫೋಟೋ ತೋರಿಸಿದರು. ಮನೆಮನೆಗೂ ಫ್ಯಾನು. "ಸ್ವಾಮಿ, ಸರಿಯಾಗಿ ನೋಡಿ, ಅದು ಒಂದೇ ಫ್ಯಾನು," ಎಂದ. "ಹಾಗಾದರೆ ನೀವು ಮೋಸ ಮಾಡಿದಿರಿ ಅಂತಾಯ್ತು," ಎಂದರು. ಮೇಸ್ತ್ರಿ ಯಾಕೆ ಹೀಗಾಯಿತೆಂದು ಹೇಳಲು ಬಾಯಿ ತೆರೆದ. ಹೇಳಬೇಕಾದ ಮಾತು ಬೀದಿಯಲ್ಲಿ ಯಾರೂ ಆಡದ ಆ ಮಾತು. ಬಾಯಿ ಮುಚ್ಚಿಕೊಂಡು ವಾಪಸು ಬಂದ.

ಆಗಿನಿಂದ ಮನೆಯೊಳಗೆ ಗಾಳಿಯ ಸದ್ದು. ಫ್ಯಾನನ್ನು ಅವಳು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದಳು. ಆದರೂ ಕತ್ತಲಾಗುವ ಹೊತ್ತಿಗೆ ಗೋಡೆಯ ಆ ಮೂಲೆಯಿಂದ ಗೊರ್ ಎನ್ನುತ್ತದೆ. ಒಲೆಯ ಮುಂದೆ ಕೂತವಳ ಕೈ ನಿಲ್ಲುತ್ತದೆ. ಟಕ್ ಎಂದು ಒಂದು ಕುತ್ತಿಗೆ ತಿರುಗುತ್ತದೆ. ತಿರುಗಿಸಿದ್ದು ಈ ಕೈಯೇ. ಅತ್ತೆ ಏನೂ ಕೇಳುವುದಿಲ್ಲ. ಉಸಿರು ಬಿಡುತ್ತಾಳೆ, ಅಷ್ಟೇ.

ಸರ್ವೆಯ ದಿನ ಮೇಸ್ತ್ರಿ ಮನೆಮನೆಗೆ ಹೋಗಿ ಹೇಳಿದ. ಇದ್ದಬದ್ದದ್ದನ್ನೆಲ್ಲ ಶೆಡ್ಡಿನ ಹಿಂದಿನ ಕೋಣೆಗೆ ಸಾಗಿಸಿ. ಕಿವಿಯದು ಬಿಚ್ಚಿ. ಹರಿದ ಸೀರೆ ಉಡಿ. ಕೇಳಿದ್ದಕ್ಕೆ ಮಾತ್ರ ಉತ್ತರ. ಕಣ್ಣೀರು ಬಂದರೆ ತಡೀಬೇಡಿ.

"ಹೋದ ಸಲ ಸಾಹುಕಾರರ ವೇಷ, ಈ ಸಲ ಭಿಕಾರಿಗಳ ವೇಷ. ನಮ್ಮ ವೇಷ ಹಾಕ್ಕೊಳ್ಳೋದು ಯಾವಾಗ ಮಾವ?" ಎಂದಳು ರೇಡಿಯೊ.

"ನಿನ್ನ ಬಾಯಿಗೊಂದು ಬೀಗದ ವೇಷ ಹಾಕ್ತೀನಿ ನೋಡು."

ಈ ಸಲ ಬಂದವಳು ಹುಡುಗಿ. ಮದುವೆಯ ವಯಸ್ಸು. ಮುಖಕ್ಕೆ ಮಾಸ್ಕು, ಅದರೊಳಗೆ ಏನೋ ಮುಲಾಮು ಹಚ್ಚಿಕೊಂಡಿದ್ದಳು, ಅದರ ಘಾಟು ದೂರಕ್ಕೇ ಬರುತ್ತಿತ್ತು. ಅವಳು ಬೀದಿಯೊಳಗೆ ಕಾಲಿಡಲಿಲ್ಲ. ಬೀದಿಯ ಬಾಯಲ್ಲಿ ಚಹಾ ಅಂಗಡಿಯ ಮೇಜು ಹಾಕಿಸಿಕೊಂಡು ಅಲ್ಲೇ ಕೂತಳು. ಮನೆಗಳೇ ಸಾಲಾಗಿ ಅವಳ ಹತ್ತಿರ ಬಂದವು. ಮೇಜಿನಿಂದ ಸ್ವಲ್ಪ ದೂರಕ್ಕೆ ಒಂದು ಇಟ್ಟಿಗೆ ಇಟ್ಟಿದ್ದರು. ನಿಲ್ಲಬೇಕಾದ್ದು ಅದರ ಹಿಂದೆ.

ಇವಳ ಸರದಿ ಬಂತು. ಇಟ್ಟಿಗೆಯ ಹಿಂದೆ ನಿಂತಳು.

"ಮನೇಲಿ ಎಷ್ಟು ಜನ ಅಕ್ಕ?"

"ಮೂರು."

ಹಿಂದಿನಿಂದ ರೇಡಿಯೊ ಸೆರಗು ಜಗ್ಗಿದಳು.

"ಇಬ್ಬರು," ಎಂದಳು.

"ಇದರಲ್ಲೂ ಮೂರೇ ಇದೆ. ಒಬ್ಬರು ವಯಸ್ಸಾದವರು."

"ಇದ್ದರು."

"ಓ. ಹಾಗಾದ್ರೆ ತೆಗೀಬೇಕು." ಹುಡುಗಿ ಫೋನಿನ ಗಾಜು ಸವರಿದಳು. "ಕಾರಣ ಕೇಳುತ್ತೆ. ವಯಸ್ಸು, ಕಾಯಿಲೆ, ಅಪಘಾತ, ಬೇರೆ ಕಡೆ ವಾಸ, ಇತರೆ. ಯಾವುದು ಹಾಕಲಿ?"

"ಸರ್ವೆ."

"ಏನಕ್ಕ?"

"ಸರ್ವೆಯಿಂದ ಸತ್ತರು. ನೀವು ಬರ್ಕೊಂಡು ಹೋದ್ರಿ, ಕಾರ್ಡು ಹೋಯ್ತು, ಔಷಧಿ ನಿಂತಿತು, ಸತ್ತರು. ಹಾಕ್ಕೊಳ್ಳಿ."

ಹುಡುಗಿಯ ಬೆರಳು ಗಾಜಿನ ಮೇಲೆ ನಿಂತಿತು. ಒಳ್ಳೆಯ ಹುಡುಗಿಯೇ. ಕಣ್ಣು ಕೆಳಗೆ ಮಾಡಿದಳು. "ಅದು ಇದರಲ್ಲಿ ಬರೋದಿಲ್ಲ ಅಕ್ಕ. ಇತರೆ ಅಂತ ಹಾಕ್ತೀನಿ."

ಹಾಕಿದಳು. ಅತ್ತೆ ಇತರೆಯಾದಳು.

ಆಮೇಲೆ ಮೇಜಿನ ಮೇಲೆ ಒಂದು ಕಾಗದ ಬಂತು. ಮೇಸ್ತ್ರಿ ಪಕ್ಕಕ್ಕೆ ಬಂದು ನಿಂತ. ಅವನಿಗೆ ಮೊದಲೇ ಗೊತ್ತಿತ್ತೆಂದು ಮುಖದಲ್ಲೇ ಕಾಣುತ್ತಿತ್ತು. "ಇಲ್ಲಿ ಒಂದು ಸಹಿ ಮಾಡು. ನೀನೊಬ್ಬಳು ಮಾಡಿದ್ರೆ ಸಾಕು, ಬೀದಿಗೆಲ್ಲ ಕಾರ್ಡು ವಾಪಸು," ಎಂದ.

ಅವಳಿಗೆ ಓದಲು ಬರುತ್ತಿತ್ತು. ಬೆರಳಿಟ್ಟು ಓದಿದಳು. ಹಿಂದಿನ ಸಮೀಕ್ಷೆಯ ಸಂದರ್ಭದಲ್ಲಿ ನಾನು ಉದ್ದೇಶಪೂರ್ವಕವಾಗಿ ನನ್ನ ಸ್ವತ್ತನ್ನು ಇತರ ಮನೆಗಳಲ್ಲಿ ಇರಿಸಿ ಇಲಾಖೆಗೆ ತಪ್ಪು ಮಾಹಿತಿ ನೀಡಿರುತ್ತೇನೆ. ಸಮೀಕ್ಷಾ ಸಿಬ್ಬಂದಿಯ ಕಡೆಯಿಂದ ಯಾವುದೇ ಲೋಪ ಆಗಿರುವುದಿಲ್ಲ.

ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಬಡವರು ಸಾಹುಕಾರರ ಥರ ಕಾಣೋಕೆ ಮೋಸ ಮಾಡಿದ್ದು ಲೋಕದಲ್ಲಿ ನಾವೇ ಮೊದಲಿರಬೇಕು," ಎಂದು ಹಿಂದೆ ರೇಡಿಯೊ ಪಿಸುಗುಟ್ಟಿದಳು.

"ಈ ಸಾಲು ತೆಗೀರಿ ಮೇಡಂ."

"ನಾನು ಬರೆದದ್ದಲ್ಲ ಅಕ್ಕ. ಮೇಲಿಂದ ಬಂದಿರೋದು. ಇದು ಸಹಿಯಾದ್ರೇನೇ ಹಳೇದನ್ನ ಅಳಿಸೋಕಾಗೋದು. ನಿಮಗೇನೂ ಆಗಲ್ಲ, ಬರೀ ಎಚ್ಚರಿಕೆ ಕೊಡ್ತಾರೆ."

"ಫ್ಯಾನು ಯಾಕೆ ತಂದ್ವಿ ಅಂತ ಬರೆಯೋಕೆ ಎಲ್ಲಿ ಜಾಗ ಇದೆ?"

"ಜಾಗ ಇಲ್ಲ."

"ಹಾಳೆ ಹಿಂದೆ ಖಾಲಿ ಇದೆಯಲ್ಲ."

"ಹಿಂದೆ ಬರೆದ್ರೆ ನಡೆಯಲ್ಲ ಅಕ್ಕ."

"ಹಾಗಾದ್ರೆ ನೀವು ಒಳಗೆ ಬನ್ನಿ. ಮನೆ ನೋಡಿ ಬರೆಯೋದಲ್ವಾ ನಿಮ್ಮ ಕೆಲಸ? ಬಂದು ಕೂತ್ಕೊಳ್ಳಿ. ಆಮೇಲೆ ಸಹಿ ಮಾಡ್ತೀನಿ."

ಹುಡುಗಿಯ ಕೈ ತಾನಾಗಿ ಮಾಸ್ಕಿನ ಮೇಲೆ ಹೋಯಿತು. "ನನಗೆ ಬೆಳಿಗ್ಗೆಯಿಂದ ತಲೆನೋವು."

"ವಾಸನೆಗೆ," ಎಂದಳು ಅವಳು.

ಸಾಲಿನಲ್ಲಿ ಅಳುತ್ತಿದ್ದ ಮಗುವಿನ ಬಾಯಿಯನ್ನು ಯಾರೋ ಮುಚ್ಚಿದರು. ಒಬ್ಬ ಮುದುಕ ಹಿಂದಕ್ಕೆ ತಿರುಗಿ ನಿಂತ, ಸೊಸೆಯ ಸೆರಗು ಜಾರಿದ್ದನ್ನು ಕಂಡವನ ಹಾಗೆ.

"ತಲೆನೋವು ವಾಸನೆಗೆ ಬಂದಿರೋದು ಮೇಡಂ. ನಮ್ಮ ವಾಸನೆಗೆ. ಹೋದ ಸಲ ಬಂದವರಿಗೂ ಹಾಗೇ ಆಗಿತ್ತು. ಅದಕ್ಕೇ ಫ್ಯಾನು ತಂದಿದ್ದು. ಮೋಸಕ್ಕಲ್ಲ. ನಿಮ್ಮ ಊಟದ ಮಾಂಸ ಕಡಿಯೋ ಜಾಗದ ಕರುಳು ತೊಳೆಯೋರು ನಾವು. ಆ ವಾಸನೆ ನಿಮ್ಮ ಮೂಗಿಗೆ ಹೋಗದಿರಲಿ ಅಂತ ಫ್ಯಾನು ಹೊತ್ತೆ. ಉಸಿರಿಲ್ಲದ ಮುದುಕಿ ಮುಂದಿಂದ ಎತ್ತಿಕೊಂಡು ಹೊತ್ತೆ. ಇದನ್ನ ಬರೀರಿ. ಈಗಲೇ ಸಹಿ ಹಾಕ್ತೀನಿ."

"ಬಾಯಿ ಮುಚ್ಚೇ," ಎಂದ ಮೇಸ್ತ್ರಿ. "ಬೀದಿ ಮಾನ ಹರಾಜು ಹಾಕ್ತಿದ್ದೀಯಾ?"

"ಹರಾಜಾಗಿ ತುಂಬ ದಿನ ಆಯ್ತು ಮಾವ. ಕೊಂಡವರು ಯಾರೂ ಇಲ್ಲ."

ಹುಡುಗಿ ಎದ್ದುಬಿಟ್ಟಳು. ಕಣ್ಣಲ್ಲಿ ನೀರಿತ್ತು. ಮುಲಾಮಿನದೋ ಏನೋ. "ನನಗೆ ಮನೆಗಿಷ್ಟು ಅಂತ ಕೊಡೋದಕ್ಕ. ನಾನೂ ದಿನಗೂಲಿಯವಳೇ. ನಾಳೆ ಆಫೀಸು ಮುಚ್ಚೋದ್ರೊಳಗೆ ಕಾಗದ ಬಂದ್ರೆ ಆಯ್ತು. ಇಲ್ಲಾಂದ್ರೆ ಹಳೇದೇ ನಿಲ್ಲುತ್ತೆ. ಮುಂದಿನ ಸರ್ವೆ ಯಾವಾಗಲೋ."

ಕಾಗದವನ್ನು ಇಟ್ಟಿಗೆಯ ಮೇಲಿಟ್ಟು ಹೋದಳು.

ಸಂಜೆ ಮನೆಯಲ್ಲಿ ಗಂಡ ಗೋಡೆಗೆ ಒರಗಿ ಕೂತಿದ್ದ. ಅವನು ಅದೇ ಕಸಾಯಿಖಾನೆಯ ಅಂಗಳದಲ್ಲಿ ಹಸಿ ಚರ್ಮ ಹೊರುವವನು. ಮಾತು ಕಡಿಮೆ. ತಾಯಿ ಸತ್ತ ಮೇಲೆ ಇನ್ನೂ ಕಡಿಮೆ. ತಾಯಿ ಒರಗುತ್ತಿದ್ದ ಜಾಗಕ್ಕೇ ಈಗ ಅವನೂ ಒರಗುತ್ತಾನೆ, ಅದು ಅವನಿಗೆ ಗೊತ್ತಿಲ್ಲ. ಕೆಮ್ಮು ಬಂತು. ಕೆಮ್ಮಿ ಮುಗಿದ ಮೇಲೆ ಟವೆಲ್ಲನ್ನು ಮಡಚಿ, ಒಳಗಿನದು ಕಾಣದ ಹಾಗೆ ತೊಡೆಯ ಕೆಳಗೆ ಇಟ್ಟುಕೊಂಡ. ಅವಳು ನೋಡದವಳಂತೆ ಒಲೆ ಊದಿದಳು.

"ಹಾಕಿಬಿಡು," ಎಂದ.

"ಓದಿದ್ಯಾ ಅದನ್ನ?"

"ಓದಿ ಏನಾಗಬೇಕು? ತಪ್ಪು ನಮ್ಮದು ಅಂದ್ರೆ ಏನು ಕಳ್ಕೊಳ್ತೀವಿ? ಜನ್ಮವೆಲ್ಲ ಅದನ್ನೇ ಅಂದಿದ್ದೀವಿ."

ಬಾಗಿಲಲ್ಲಿ ರೇಡಿಯೊ ನಿಂತಿದ್ದಳು. ಯಾವಾಗ ಬಂದಳೋ. ಒಳಗೆ ಬರಲಿಲ್ಲ.

"ಏನೇ ಇವಳೇ," ಎಂದಳು. "ನನ್ನ ಮಗಳು ಹೆರಿಗೆಗೆ ಬರ್ತಿದ್ದಾಳೆ. ಕಾರ್ಡಿಲ್ಲದಿದ್ರೆ ಆಸ್ಪತ್ರೇಲಿ ಹೊರಗೇ ಕೂರಿಸ್ತಾರೆ. ನಾನು ಹಾಕು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಹೇಳಿ ಹೋಗೋಣ ಅಂತ ಬಂದೆ." ಅಷ್ಟು ಕಡಿಮೆ ಮಾತಾಡಿ ಅವಳು ಎಂದೂ ಹೋದವಳಲ್ಲ.

ದೀಪ ಮಂಕಾಗಿತ್ತು. ಮೂಲೆಯಿಂದ ಆ ಸದ್ದು ಬಂತು. ಗೊರ್ ಎಂದು ಶುರುವಾಗಿ, ಎಳೆದು, ಸಿಕ್ಕಿಕೊಂಡು ನಿಂತಿತು. ಗಂಡ ತಲೆ ಎತ್ತಿದ.

"ಅವ್ವ ಕೂಗಿದ್ಲಾ?"

ಅವಳು ಅವನ ಮುಖ ನೋಡಿದಳು. ಇಷ್ಟು ದಿನ ತನಗೊಬ್ಬಳಿಗೇ ಎಂದುಕೊಂಡಿದ್ದಳು. ಅವನೂ ಅವಳ ಮುಖ ನೋಡಿದ. ಆಮೇಲೆ ಇಬ್ಬರೂ ಬೇರೆ ಕಡೆ ನೋಡಿದರು. ಆ ಸದ್ದು ಈಗ ಬಂದದ್ದು ಅವನ ಎದೆಯಿಂದಲೇ ಎಂದು ಅವಳಿಗೆ ಆಮೇಲೆ ಹೊಳೆಯಿತು.

ಬೆಳಿಗ್ಗೆ ಶೆಡ್ಡಿನಲ್ಲಿ ಯಾರೂ ಅವಳೊಡನೆ ಮಾತಾಡಲಿಲ್ಲ. ಮಾಲು ಜಾಸ್ತಿ ಇತ್ತು. ಹಿಂಡಿದಳು, ಒಳಹೊರಗು ಮಾಡಿದಳು, ಕೆರೆದಳು. ಬೆರಳಿನ ಬಿರುಕು ಬಾಯಿಬಿಟ್ಟು ಉಪ್ಪು ಕುಡಿಯಿತು. ರವಿಕೆಯೊಳಗೆ ಮಡಚಿಟ್ಟ ಕಾಗದ ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿತ್ತು. ಅಂಗಳದ ಆಚೆಯಿಂದ ಗಂಡನ ಕೆಮ್ಮು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳಿಸುತ್ತಿತ್ತು.

ಸಹಿ ಹಾಕಬಹುದು. ಅಕ್ಷರ ಬರುತ್ತದೆ. ಹಾಕಿದರೆ ಅವನಿಗೆ ಔಷಧಿ ಬರುತ್ತದೆ. ಎದುರುಮನೆಯ ಹುಡುಗಿ ಮಂಚದ ಮೇಲೆ ಹೆರುತ್ತಾಳೆ. ಅತ್ತೆಯನ್ನು ಕೊಂದವಳು ಸೊಸೆ ಎಂದು ಆಗುತ್ತದೆ. ಇಷ್ಟು ತಿಂಗಳು ಅವಳೂ ಅದನ್ನೇ ನಂಬಿ ಕೂತಿದ್ದಳಲ್ಲ. ಫ್ಯಾನು ಹೊತ್ತದ್ದು ಯಾರು, ತಿರುಗಿಸಿದ್ದು ಯಾರು ಎಂದು ತನ್ನನ್ನೇ ತಾನು ಕೇಳಿಕೊಂಡು. ಈಗ ಬೇರೆ ಯಾರೋ, ಎಲ್ಲೋ, ಮುಖವನ್ನೂ ನೋಡದವರು, ಅದನ್ನೇ ಅಚ್ಚು ಹಾಕಿಸಿ ಕಳಿಸಿದ್ದರು. ತನ್ನ ಒಳಗಿನ ಮಾತು ಅವರ ಕಾಗದದಲ್ಲಿ ಹೇಗೆ ಬಂತು? ಅಥವಾ ಅವರ ಮಾತೇ ಹುಟ್ಟಿದಾಗಿನಿಂದ ತನ್ನ ಒಳಗೆ ಇತ್ತೋ?

ಕರುಳೊಂದನ್ನು ಎತ್ತಿ ಊದಿದಳು. ಎದೆಯಿಂದ ಊದಿದಳು. ಅದ್ದಿದಳು. ಬೆರಳು ಬಿಟ್ಟಾಗ ಸದ್ದು ಬಂತು. ಇವತ್ತು ಅವಳು ತಲೆ ಎತ್ತಿ ಪೂರ್ತಿ ಕೇಳಿಸಿಕೊಂಡಳು. ಅದರಲ್ಲಿ ದೂರಿರಲಿಲ್ಲ. ಉಸಿರು ಬೇಕು ಎನ್ನುವ 'ಬೇಕು' ಮಾತ್ರ ಇತ್ತು.

ಕೆಲಸ ಬಿಟ್ಟಿತು. ಹೆಂಗಸರು ನಲ್ಲಿಯ ಮುಂದೆ ಸಾಲಾದರು. ಸೋಪು ಕೈಯಿಂದ ಕೈಗೆ ದಾಟಿತು. ಮೊಣಕೈವರೆಗೆ ತಿಕ್ಕುವ ಸದ್ದು. ಅವಳು ಗೋಣಿ ಬಿಚ್ಚಿ ಗೂಟಕ್ಕೆ ಹಾಕಿದಳು. ರೇಡಿಯೊ ಸೋಪು ಚಾಚಿದಳು.

"ಬೇಡ," ಎಂದಳು.

"ಏನೇ, ತೊಳ್ಕೊಳ್ಳಲ್ವಾ?"

"ನೀನು ತೊಳ್ಕೋ."

ಮೇಸ್ತ್ರಿ ಬಾಗಿಲಲ್ಲಿ ಕಾಯುತ್ತಿದ್ದ. ಕಾಗದಕ್ಕಾಗಿ ಕೈ ಚಾಚಿದ. ಅವಳು ಅವನನ್ನು ದಾಟಿ ಹೋದಳು. ಅಂಗಳ ದಾಟುವಾಗ ಚರ್ಮದ ಹೊರೆಯ ಕೆಳಗಿನಿಂದ ಗಂಡ ನೋಡಿದ. ಮನೆಗೆ ಹೋಗುತ್ತಾಳೆ ಎಂದುಕೊಂಡಿರಬೇಕು.

ಲೋಳೆ ಒಣಗಿ ಕೈ ಬಿಗಿಯತೊಡಗಿತ್ತು. ಸೆರಗಿನಲ್ಲಿ ರಕ್ತವಿತ್ತು, ಕೂದಲಲ್ಲಿ ಉಪ್ಪು. ಬಸ್ಸು ಹತ್ತಿದಳು. ಪಕ್ಕದವರು ಎದ್ದುಹೋದರು. ಕಂಡಕ್ಟರು ತೋಳು ಚಾಚಿ ದೂರದಿಂದ ಟಿಕೆಟು ಕೊಟ್ಟ. ಈ ಸಲ ಅವಳು ಕಿಟಕಿಯಾಚೆ ನೋಡಲಿಲ್ಲ.

ಆಫೀಸು ಮುಚ್ಚಲು ಇನ್ನೂ ಹೊತ್ತಿತ್ತು. ಅಲ್ಲಿ ಬಾಗಿಲ ಹತ್ತಿರ ನಿಲ್ಲುವುದಿಲ್ಲ ಎಂದುಕೊಂಡಳು. ಒಳಗೆ ಹೋಗಿ, ದೊಡ್ಡ ಮೇಜಿನ ಎದುರಿನ ಕುರ್ಚಿಯಲ್ಲಿ ಕೂರುವುದು. ಕಾಗದ ಬಿಡಿಸಿ ಮೇಜಿನ ಮೇಲಿಡುವುದು. ಫ್ಯಾನು ಯಾಕೆ ಹೊತ್ತದ್ದು ಎಂಬುದನ್ನು ಅವರೇ ತಮ್ಮ ಕೈಯಿಂದ ಬರೆದರೆ ಕೆಳಗೆ ಹೆಸರು ಹಾಕುವುದು. ಬರೆಯದಿದ್ದರೆ ಕೂತೇ ಇರುವುದು. ಮೂಗು ಮುಚ್ಚಿಕೊಂಡು ಎಷ್ಟು ಹೊತ್ತು ಕೆಲಸ ಮಾಡುತ್ತಾರೆ, ನೋಡೋಣ.